ಧಣಿಯಿಲ್ಲದ ಋಣ

ಗಲ್ಲಿಗೇರಿದವನ ಸಮಾಧಿಗೆ ಹೋಗಿ ಹೆಣ್ಣುಮಕ್ಕಳು ಮಗು ಬೇಡುತ್ತಾರೆ. ಖಾನಾಪುರ ತಾಲ್ಲೂಕಿನ ನಂದಗಡದಲ್ಲಿ ಇದು ಯಾರಿಗೂ ಸೋಜಿಗವಲ್ಲ. ಅಲ್ಲಿನ ಆಲದ ಮರಕ್ಕೆ ಪುಟ್ಟ ಪುಟ್ಟ ತೊಟ್ಟಿಲುಗಳನ್ನು ಕಟ್ಟಿ ಹರಕೆ ಹೊರುವುದು ಹಿಂದಿನಿಂದ ನಡೆದುಬಂದದ್ದು. ಮರದ ಹತ್ತಿರ ಚಿಕ್ಕದೊಂದು ಗುಡಿ. ಒಳಗೆ ಮೀಸೆ ತಿರುವಿದ ಸಂಗೊಳ್ಳಿ ರಾಯಣ್ಣ, ಅವನ ಎರಡು ಪಕ್ಕದಲ್ಲಿ ಗರಡಿಯಾಳುಗಳು ಎತ್ತುವಂಥ ಕಟ್ಟಿಗೆಯ ಭಾರಗಳು. ಬೇರೆ ದೇವರ ಅಕ್ಕಪಕ್ಕ ದೇವಿಯರೋ ದ್ವಾರಪಾಲಕರೋ ಇರುತ್ತಾರೆ. ಈ ದೇವರಿಗೆ ತಾಲೀಮಿನ ಸಾಮಾನೇ ಪರಿವಾರ.

ಬೆಳಗಾವಿಯ ವಡಗಾವಿ, ಅನಗೋಳ, ಶಹಾಪುರದ ಕಡೆಯಿಂದ ಹೊರಟವರು ಪೀರನವಾಡಿಯಲ್ಲಿ ಖಾನಾಪುರ ರಸ್ತೆಗೆ ಬಿದ್ದು ನಂದಗಡ ಮುಟ್ಟುತ್ತಾರೆ. ವಡಗಾವಿ ನೇಕಾರರ ಊರು, ಈಗ ನಗರದ ಹೊಟ್ಟೆಯೊಳಗೆ ಸೇರಿಕೊಂಡಿದೆ. ಹರಕೆಯ ವಿಷಯದಲ್ಲಿ ಈ ಜನಕ್ಕೆ ಯಾರೂ ಪಾಠ ಹೇಳಬೇಕಿಲ್ಲ. ಆಷಾಢದಲ್ಲಿ ವಡಗಾವಿಯ ಮಂಗಾಯಿ ದೇವಿಯ ಜಾತ್ರೆಗೆ ಕನ್ನಡದವರು, ಮರಾಠಿಯವರು ಎನ್ನದೆ ಎಲ್ಲರೂ ನೆರೆಯುತ್ತಾರೆ. ಹೊತ್ತ ಹರಕೆ ತೀರಿಸಲು ಕೋಳಿಮರಿಗಳನ್ನು ಗುಡಿಯ ಮೇಲೆ ತೂರುತ್ತಾರೆ. ಹರಕೆಯ ಲೆಕ್ಕ ಸರಳ. ನೀನು ಕೊಡು, ನಾನು ತೀರಿಸುತ್ತೇನೆ. ಕೊಡುವವಳು ಗುಡಿಯಲ್ಲಿ ಕೂತಿದ್ದಾಳೆ, ತೀರಿಸುವವನು ಹೊಸ್ತಿಲಲ್ಲಿ ನಿಂತಿದ್ದಾನೆ.

ರಾಯಣ್ಣನ ಬದುಕಿನಲ್ಲಿ ಈ ಲೆಕ್ಕ ಕೂಡಿಬರುವುದಿಲ್ಲ. ಅವನು ಋಣ ತೀರಿಸಲು ಕತ್ತಿ ಹಿಡಿದಾಗ ಋಣ ಕೊಟ್ಟ ಮನೆಯೇ ಇರಲಿಲ್ಲ. ಕಿತ್ತೂರಿನ ಕೋಟೆ ಬಿದ್ದಿತ್ತು, ಗಾದಿ ಖಾಲಿಯಾಗಿತ್ತು, ರಾಣಿ ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲೇ ಕಣ್ಣು ಮುಚ್ಚಿದ್ದಳು. ಹಾಗಿದ್ದರೂ 1830ರ ಚಳಿಗಾಲದಲ್ಲಿ ಒಬ್ಬ ವಾಲಿಕಾರ ಕಾಡಿನಿಂದ ಕಾಡಿಗೆ ಓಡಾಡುತ್ತ ಈಸ್ಟ್ ಇಂಡಿಯಾ ಕಂಪನಿ ಸರಕಾರದ ಕಚೇರಿಗಳನ್ನು ಸುಟ್ಟ. ಯಾರಿಗಾಗಿ? ಈ ಪ್ರಶ್ನೆಗೆ ಸಮಾರಂಭದ ಭಾಷಣಗಳಲ್ಲಿ ಸಿದ್ಧ ಉತ್ತರವಿದೆ: ತಾಯ್ನಾಡಿಗಾಗಿ. ಅದು ಸುಳ್ಳಲ್ಲ. ಆದರೆ ಅಷ್ಟು ಬೇಗ ಆ ಉತ್ತರಕ್ಕೆ ಹೋದರೆ ನಡುವೆ ಇರುವ ಕಷ್ಟದ ದಾರಿಯೆಲ್ಲ ತಪ್ಪಿಹೋಗುತ್ತದೆ. ಆ ದಾರಿಯಲ್ಲಿ ಸಿಗುವವರು ಆಂಗ್ಲರಿಗಿಂತ ಹೆಚ್ಚಾಗಿ ನಮ್ಮವರೇ.

ಕತೆಯ ಬುಡ ಒಂದು ದತ್ತಕದಲ್ಲಿದೆ. 1824ರ ಸೆಪ್ಟೆಂಬರಿನಲ್ಲಿ ಕಿತ್ತೂರಿನ ದೇಸಾಯಿ ಶಿವಲಿಂಗರುದ್ರ ಸರ್ಜ ಮಕ್ಕಳಿಲ್ಲದೆ ತೀರಿಕೊಂಡ. ಶಿವಲಿಂಗಪ್ಪ ಎಂಬ ಹುಡುಗನನ್ನು ದತ್ತು ತೆಗೆದುಕೊಂಡಿದ್ದಾಗಿ ಅರಮನೆ ಹೇಳಿತು. ಧಾರವಾಡದ ಕಲೆಕ್ಟರ್ ಸೇಂಟ್ ಜಾನ್ ಥ್ಯಾಕರೆ ಕಾಗದದ ಸಹಿಯ ಮೇಲೇ ಅನುಮಾನ ಪಟ್ಟು ದತ್ತಕ ಒಪ್ಪಲಿಲ್ಲ. ಗವರ್ನರ್ ಜನರಲ್ ಡಾಲ್‌ಹೌಸಿ ಇದೇ ನೆಪದಲ್ಲಿ ಸಂಸ್ಥಾನಗಳನ್ನು ನುಂಗಲು ಶುರುಮಾಡುವುದಕ್ಕೆ ಇನ್ನೂ ಎರಡು ದಶಕಕ್ಕೂ ಹೆಚ್ಚು ಕಾಲವಿತ್ತು. ಮಗ ಯಾರು, ಮಗನೆಂದರೇನು ಎಂಬುದು ಈ ನೆಲದಲ್ಲಿ ಧರ್ಮಶಾಸ್ತ್ರದ ಪ್ರಶ್ನೆ. ಅದಕ್ಕೆ ಕಲೆಕ್ಟರ್ ಸಾಹೇಬನ ಮೇಜಿನ ಮೇಲೆ ಉತ್ತರ ತಯಾರಾಯಿತು. ಅಕ್ಟೋಬರ್ 23ರಂದು ಕೋಟೆಯ ಬಾಗಿಲಲ್ಲಿ ಥ್ಯಾಕರೆ ಸತ್ತ. ಡಿಸೆಂಬರಿನಲ್ಲಿ ಕಂಪನಿಯ ದೊಡ್ಡ ಸೈನ್ಯ ಬಂದು ಕೋಟೆ ಹಿಡಿಯಿತು. ಚೆನ್ನಮ್ಮ ಸೆರೆಯಾದಳು. ಕಾದಿದವರಲ್ಲಿ ರಾಯಣ್ಣನೂ ಇದ್ದ. ಸಿಕ್ಕಿಬಿದ್ದ, 1826ರಲ್ಲಿ ಬಿಡುಗಡೆಯಾದ.

ಇಷ್ಟಕ್ಕೆ ನಿಲ್ಲಿಸಿದರೆ ಹೊರಗಿನವರು ಬಂದರು, ಒಳಗಿನವರು ಕಾದಿದರು ಎಂಬ ಸರಳ ಕತೆ. 1824ರಿಂದ ಆರು ವರ್ಷ ಹಿಂದಕ್ಕೆ ಹೋದರೆ ಸರಳತೆ ಉಳಿಯುವುದಿಲ್ಲ. 1818ರಲ್ಲಿ ಥಾಮಸ್ ಮನ್ರೋ ಪೇಶ್ವೆಯ ಕಡೆಯವರಿಂದ ಬೆಳಗಾವಿ ಕೋಟೆಯನ್ನು ಕಿತ್ತುಕೊಂಡಾಗ ಕಿತ್ತೂರು ಕಂಪನಿಯ ಪಕ್ಷದಲ್ಲೇ ಇತ್ತು. ಪೇಶ್ವೆಯರ ಕಾಟದಿಂದ ಬೇಸತ್ತ ಸಂಸ್ಥಾನಕ್ಕೆ ಅದು ಸಹಜ ಆಯ್ಕೆ. ಪ್ರತಿಫಲವಾಗಿ ಕಪ್ಪ ಕೊಡುವ ಷರತ್ತಿನ ಮೇಲೆ ಸಂಸ್ಥಾನ ದೇಸಾಯಿಯ ಕೈಯಲ್ಲೇ ಉಳಿಯಿತು. ಅಂದರೆ ಕಿತ್ತೂರೂ ಒಂದು ಕಾಲಕ್ಕೆ ಕಂಪನಿಯ ಉಪ್ಪು ಮುಟ್ಟಿದ ಮನೆ. ಇದನ್ನು ಹೇಳಿದರೆ ಕೆಲವರಿಗೆ ಸಿಟ್ಟು ಬರುತ್ತದೆ. ಚರಿತ್ರೆಗೆ ಸಿಟ್ಟಿನ ಹಂಗಿಲ್ಲ.

ಸಂಗೊಳ್ಳಿ ಇಂದಿನ ಬೈಲಹೊಂಗಲ ತಾಲ್ಲೂಕಿನ ಊರು. ರಾಯಣ್ಣ ಅಲ್ಲಿನ ಕುರುಬರ ಮನೆಯವನು. ತಂದೆ ಭರಮಪ್ಪ, ತಾಯಿ ಕೆಂಚವ್ವ. ಹುಟ್ಟಿದ್ದು 1798ರ ಆಗಸ್ಟ್ 15 ಎಂದು ನಾಡು ಆಚರಿಸುತ್ತದೆ. ಅವನ ವೃತ್ತಿ ವಾಲಿಕಾರಿಕೆ. ಊರ ಕಾವಲು, ಕಂದಾಯದ ಹಣ ಕಚೇರಿಗೆ ಮುಟ್ಟಿಸುವುದು, ಕರೆ ಬಂದಾಗ ಕತ್ತಿ ಹಿಡಿದು ಕೋಟೆಗೆ ಹೋಗುವುದು. ಇದಕ್ಕೆ ಸಂಬಳವಿಲ್ಲ, ಹೊಲವಿದೆ. ಮುಂಬಯಿ ಕರ್ನಾಟಕದಲ್ಲಿ ಇಂಥವರನ್ನು ಶೇತಸನದಿ ಎನ್ನುತ್ತಿದ್ದರು: ಸನದು ಪಡೆದ ಹೊಲದ ಬಲದಲ್ಲಿ ಚಾಕರಿ ಮಾಡುವವರು. ಹೊಲ ಅಪ್ಪನಿಂದ ಮಗನಿಗೆ, ಅದರ ಜೊತೆಗೆ ಚಾಕರಿಯ ಋಣವೂ ಅಪ್ಪನಿಂದ ಮಗನಿಗೆ. ಅನ್ನ ಮತ್ತು ಕತ್ತಿ ಒಂದೇ ಪಟ್ಟಿ ಹೊಲದಲ್ಲಿ ಬೆಳೆಯುತ್ತಿದ್ದ ಕಾಲ ಅದು.

ಕಂಪನಿಗೆ ಈ ಏರ್ಪಾಟು ಅರ್ಥವಾಗಲಿಲ್ಲ. ಅರ್ಥವಾಗಿದ್ದರೆ ಇನ್ನೂ ಕೆಟ್ಟದು, ಏಕೆಂದರೆ ಅರ್ಥವಾಗಿಯೂ ಮುರಿಯಿತು ಎಂದಾಗುತ್ತದೆ. ರಾಯಣ್ಣನ ಮನೆತನದ ಹೊಲದಲ್ಲಿ ಹೆಚ್ಚಿನ ಪಾಲನ್ನು ಜಪ್ತಿ ಮಾಡಿ, ಉಳಿದುದಕ್ಕೆ ಭಾರಿ ತೆರಿಗೆ ಹೇರಿದರು. ಹೊಟ್ಟೆಯ ಸಿಟ್ಟೂ ನಿಷ್ಠೆಯ ಸಿಟ್ಟೂ ಎಲ್ಲಿ ಕೂಡಿದವು, ಎಲ್ಲಿ ಅಗಲಿದವು ಎಂದು ಬಿಡಿಸಿ ನೋಡುವುದು ಇಂದು ಆಗದ ಮಾತು. ಬಿಡಿಸಬೇಕಾದ ಅಗತ್ಯವೂ ಇಲ್ಲ. ಹೊಲ ಕಳೆದುಕೊಂಡವನ ಸ್ವಾಮಿಭಕ್ತಿ ಕಲಬೆರಕೆ, ಹೊಟ್ಟೆ ತುಂಬಿದವನದು ಅಪ್ಪಟ ಎಂದು ತೂಗುವ ತಕ್ಕಡಿ ಎಲ್ಲಿಂದ ಬಂತೋ ತಿಳಿಯದು.

1830ರ ಜನವರಿಯ ಮೊದಲ ವಾರ ರಾಯಣ್ಣನ ದಂಡು ಬೀಡಿಯ ತಾಲ್ಲೂಕು ಕಚೇರಿಗೆ ಬೆಂಕಿ ಹಚ್ಚಿತು. ಬೀಡಿ ಈಗ ಖಾನಾಪುರ ತಾಲ್ಲೂಕಿನ ಒಂದು ಊರು, ಆಗ ಕಚೇರಿಯ ಊರು. ಸುಟ್ಟದ್ದು ಕಂದಾಯದ ಕಾಗದಪತ್ರ ಎಂಬುದನ್ನು ಗಮನಿಸಬೇಕು. ಯಾರ ಹೊಲ ಎಷ್ಟು, ಯಾರ ಬಾಕಿ ಎಷ್ಟು, ಯಾರ ಇನಾಮು ರದ್ದು ಎಂದು ಬರೆದಿಟ್ಟ ಕಾಗದ. ಅದರ ಹಿಂದೆ ನಂದಗಡ, ಖಾನಾಪುರ, ಸಂಪಗಾವಿಯ ಸುತ್ತ ದಾಳಿಗಳು. ಖಜಾನೆ ದೋಚುವುದು, ಕಂಪನಿಯ ತುಕಡಿಗಳನ್ನು ಕಾಡಿನ ದಾರಿಯಲ್ಲಿ ಅಡ್ಡಗಟ್ಟುವುದು, ಕಾಡಿಗೆ ಮರಳುವುದು. ಲಾವಣಿಗಳು ಹಂಡಿಬಡಗನಾಥ ಗುಡ್ಡವನ್ನು ಅವನ ಅಡಗುದಾಣವೆಂದು ಹಾಡುತ್ತವೆ. ಗಜವೀರ, ಬಿಚ್ಚುಗತ್ತಿ ಚನ್ನಬಸಪ್ಪ, ಬಾಳನಾಯಕ ಎಂದು ಸಂಗಡಿಗರ ಹೆಸರು ಹೇಳುತ್ತವೆ. ದಂಡಿನ ಖರ್ಚಿಗೆ ಉಳ್ಳ ಜಮೀನುದಾರರ ಮೇಲೆ ವಂತಿಗೆ. ಗುರಿ ಒಂದೇ: ಶಿವಲಿಂಗಪ್ಪನನ್ನು ಗಾದಿಗೆ ಕೂರಿಸುವುದು. ಕಂಪನಿಯವರು ಆ ಹುಡುಗನನ್ನೂ ಹಿಡಿದರು.

ಇಲ್ಲಿ ಪ್ರಶ್ನೆ ಮೊನಚಾಗುತ್ತದೆ. ಪ್ರಾಣ ಕೊಡುವಷ್ಟು ನಿಷ್ಠೆ ಎಂಬುದು ತಾನೇ ಧರ್ಮವೇ, ಅಥವಾ ಯಾರಿಗೆ ನಿಷ್ಠೆ, ಯಾತಕ್ಕೆ ನಿಷ್ಠೆ ಎಂಬುದನ್ನು ಕೇಳಿದ ಮೇಲಷ್ಟೇ ಅದು ಧರ್ಮವಾಗುತ್ತದೆಯೇ?

ಕನ್ನಡದ ನೆಲ ಈ ಪ್ರಶ್ನೆಯನ್ನು ಬಹಳ ಕಾಲದಿಂದ ಮಗುಚಿ ಮಗುಚಿ ನೋಡಿದೆ. ವೇದದ ಕಾಲದಿಂದ ಎಣಿಸುವ ಋಣಗಳು ಮೂರು: ದೇವಋಣ, ಋಷಿಋಣ, ಪಿತೃಋಣ. ಒಡೆಯನ ಋಣ ಆ ಪಟ್ಟಿಯಲ್ಲಿಲ್ಲ. ಅದನ್ನು ಸೇರಿಸಿದವರು ಕತ್ತಿ ಹಿಡಿದು ಜೋಳ ಉಂಡವರು. ಹಲ್ಮಿಡಿಯ ಶಾಸನವೇ ಒಬ್ಬ ವೀರನಿಗೆ ಕೊಟ್ಟ ಬಾಳ್ಗಳ್ಚು, ಅಂದರೆ ಕತ್ತಿ ತೊಳೆಯುವ, ದತ್ತಿಯ ದಾಖಲೆ. ಊರೂರ ಕೆರೆ ಏರಿಯ ಮೇಲೆ, ಬೇಲಿಯ ಮರೆಯಲ್ಲಿ ನಿಂತ ವೀರಗಲ್ಲುಗಳನ್ನು ಕೆಳಗಿನಿಂದ ಮೇಲಕ್ಕೆ ಓದಿದರೆ ಒಂದು ಪೂರ್ತಿ ದರ್ಶನವೇ ಸಿಗುತ್ತದೆ: ಕೆಳಗೆ ಕಾದಾಟ, ನಡುವೆ ಅಪ್ಸರೆಯರು ಹೊತ್ತೊಯ್ಯುವುದು, ಮೇಲೆ ಶಿವಲಿಂಗದ ಎದುರು ಕೈಮುಗಿದು ಕೂತ ವೀರ. ಕಲ್ಲು ಕಡೆದವನು ಎದುರಾಳಿ ಯಾರು, ಅವನದು ನ್ಯಾಯವೋ ಅನ್ಯಾಯವೋ ಎಂದು ಕೇಳಿಲ್ಲ. ಬೆನ್ನು ತೋರದೆ ಸತ್ತನಷ್ಟೇ, ಸಾಕು.

ಹೊಯ್ಸಳರ ಕಾಲದ ಕುವರ ಲಕ್ಷ್ಮ ಇನ್ನೂ ಒಂದು ಹೆಜ್ಜೆ ಮುಂದೆ ಹೋದ. ಇಮ್ಮಡಿ ಬಲ್ಲಾಳ ತೀರಿಕೊಂಡಾಗ ಅವನ ದಂಡನಾಯಕನಾದ ಈತ, ಹೆಂಡತಿ ಮತ್ತು ಒಡೆಯನೊಡನೆ ಸಾಯಲು ಪಣ ತೊಟ್ಟ ವೇಳೆಯವರೊಡನೆ ತಾನೂ ಪ್ರಾಣ ಬಿಟ್ಟ. ಹಳೇಬೀಡಿನ ಕಂಬದ ಮೇಲೆ ಆ ಕತೆ ಕೆತ್ತಿದೆ. ಒಡೆಯನಿಲ್ಲದ ಮೇಲೆ ಜೀವವೂ ಇಲ್ಲ ಎಂಬುದು ಅವನ ತರ್ಕ. ಋಣ ಮುಗಿಯಿತು, ಖಾತೆ ಚುಕ್ತಾ.

ಪಂಪನಿಗೆ ಮಾತ್ರ ಇದು ಅಷ್ಟು ಸುಲಭದ ಲೆಕ್ಕವೆನಿಸಲಿಲ್ಲ. 941ರ ಸುಮಾರಿಗೆ ವಿಕ್ರಮಾರ್ಜುನ ವಿಜಯ ಬರೆದಾಗ ತನ್ನ ಒಡೆಯ ಅರಿಕೇಸರಿಯನ್ನು ಅರ್ಜುನನ ಜೊತೆ ಒಂದಾಗಿಸಿದ. ಅದು ಕವಿಯ ಜೋಳದ ಋಣ. ಆದರೆ ಅವನ ಮನಸ್ಸು ಸೋತದ್ದು ಕರ್ಣನಿಗೆ. ಕೃಷ್ಣ ಬಂದು ಹುಟ್ಟಿನ ಗುಟ್ಟು ಹೇಳುತ್ತಾನೆ, ರಾಜ್ಯ ನಿನ್ನದೇ ಎನ್ನುತ್ತಾನೆ. ಕರ್ಣ ದುರ್ಯೋಧನನನ್ನು ಬಿಡುವುದಿಲ್ಲ. ತನ್ನವರು ಎದುರು ಪಾಳೆಯದಲ್ಲಿದ್ದಾರೆ, ತನ್ನ ಪಾಳೆಯದ ಕಡೆ ನ್ಯಾಯವಿಲ್ಲ, ಎರಡೂ ಅವನಿಗೆ ಗೊತ್ತು. ಗೊತ್ತಿದ್ದೇ ನಿಲ್ಲುತ್ತಾನೆ. ಕರ್ಣನನ್ನು ಓದಿ ಕಣ್ಣು ಒದ್ದೆ ಮಾಡಿಕೊಂಡ ಕನ್ನಡಿಗ ಒಪ್ಪದೆ ವಿಧಿಯಿಲ್ಲದ ಸಂಗತಿಯೊಂದಿದೆ: ನಿಷ್ಠೆ ಸುಂದರವಾಗಿಯೂ ಇರಬಹುದು, ತಪ್ಪಾಗಿಯೂ ಇರಬಹುದು, ಒಂದೇ ಹೊತ್ತಿನಲ್ಲಿ.

ಈ ಮಾತನ್ನು ಎತ್ತಿಕೊಂಡು ಖೋದಾನಪುರ ಮತ್ತು ನೇಗಿನಹಾಳದ ಗೌಡರ ಬಳಿಗೆ ಹೋಗಬೇಕು. ರಾಯಣ್ಣನನ್ನು ಹಿಡಿದುಕೊಟ್ಟ ಸಂಚಿನಲ್ಲಿ ಈ ಎರಡು ಊರುಗಳ ಗೌಡರ ಹೆಸರು ಬರುತ್ತದೆ, ಕಂಪನಿಯ ಅಮಲ್ದಾರನೊಬ್ಬನದೂ ಬರುತ್ತದೆ. ಕಾಡಿನಲ್ಲಿ ಬೆನ್ನು ಹತ್ತಿ ಹಿಡಿಯಲು ಆಗದವನನ್ನು ಒಳಗೆ ಸೇರಿಕೊಂಡು ಹಿಡಿಯಬೇಕಾಯಿತು. 1830ರ ಏಪ್ರಿಲ್‌ನಲ್ಲಿ, ಅಳ್ನಾವರದ ಕಡೆಯ ಡೋರಿ ಬೆಣಚಿ ಹಳ್ಳದಲ್ಲಿ ರಾಯಣ್ಣ ಸ್ನಾನಕ್ಕೆ ಇಳಿದಾಗ, ಅವನು ದಡದಲ್ಲಿ ಬಿಚ್ಚಿಟ್ಟ ಕತ್ತಿಯನ್ನು ಜೊತೆಗಿದ್ದವರೇ ದೂರ ಸರಿಸಿದರು ಎನ್ನುತ್ತದೆ ಕತೆ. ಹಾಡಿನಲ್ಲಿ ಕತ್ತಿ ಕೈಗೆತ್ತಿಕೊಂಡವನು ಸ್ವಂತ ಮಾವ. ದಪ್ಪು, ತುಂತುಣಿ ಹಿಡಿದ ಗೀಗೀ ಮೇಳದವರು ಈ ಜಾಗಕ್ಕೆ ಬಂದಾಗ ನಡೆ ನಿಧಾನ ಮಾಡುತ್ತಾರೆ. ಮೈಮೇಲೆ ನೀರು, ಕಣ್ಣಲ್ಲಿ ನೀರು, ಕೂಗಿದರೂ ಕತ್ತಿ ಕೊಡದೆ ನಿಂತ ಮಾವ. ಊರ ಹೆಂಗಸರು ಆ ಮಾವನನ್ನು ಶಪಿಸುವಷ್ಟು ಕಂಪನಿಯ ಸಾಹೇಬನನ್ನು ಶಪಿಸುವುದಿಲ್ಲ.

ದ್ರೋಹಿಗಳು ಎಂದು ಒಂದೇ ಮಾತಿನಲ್ಲಿ ಮುಗಿಸಬಹುದು. ಮುಗಿಸಿಯೂ ಇದ್ದೇವೆ. ಆದರೆ ಗೌಡನ ಪಕ್ಷದಲ್ಲೊಬ್ಬ ವಕೀಲ ನಿಂತರೆ ಏನು ಹೇಳಿಯಾನು? ಕಿತ್ತೂರು ಮುಗಿದು ಐದು ವರ್ಷವಾಯಿತು. ಊರಿನ ಗೌಡಿಕೆ ಈಗ ಕಂಪನಿಯ ಸನದಿನದು. ಈ ಜೋಳ ಹೊಸ ಧಣಿಯದು, ಋಣವೂ ಹೊಸ ಧಣಿಗೆ. ರಾಯಣ್ಣ ಹಳೆಯ ಜೋಳಕ್ಕೆ ಪ್ರಾಣ ಕೊಟ್ಟರೆ ವೀರ, ಗೌಡ ಹೊಸ ಜೋಳಕ್ಕೆ ನಿಯತ್ತಾಗಿದ್ದರೆ ನೀಚ; ಇದು ಯಾವ ನ್ಯಾಯ? ಕಿತ್ತೂರಿನ ದೇಸಾಯಿಯೂ 1818ರಲ್ಲಿ ಧಣಿ ಬದಲಿಸಲಿಲ್ಲವೇ? ದಂಡು ಊರಿಗೆ ಬಂದು ವಂತಿಗೆ ಕೇಳಿದಾಗ, ಅದರ ಬೆನ್ನಿಗೆ ಕಂಪನಿಯ ಸಿಪಾಯಿಗಳು ಬಂದು ರೈತನನ್ನು ಹಿಂಡಿದಾಗ, ಎರಡು ಕಡೆಯಿಂದ ಏಟು ತಿಂದ ಊರಿನ ಹೊಣೆ ಗೌಡನದಲ್ಲವೇ?

ನಿಷ್ಠೆಯೊಂದೇ ಅಳತೆಗೋಲಾದರೆ ಈ ವಕೀಲನಿಗೆ ಉತ್ತರವಿಲ್ಲ. ವೀರಗಲ್ಲಿನ ಧರ್ಮವನ್ನು ಹಾಗೇ ಒಪ್ಪಿಕೊಂಡವರು ಅವನ ಮುಂದೆ ಬಾಯಿ ಮುಚ್ಚಿಕೊಂಡು ಕೂರಬೇಕು.

ಆದರೆ ಒಂದು ವ್ಯತ್ಯಾಸ ಉಳಿಯುತ್ತದೆ, ಅದು ಸಣ್ಣದಲ್ಲ. ಗೌಡನ ಧಣಿ ಬದುಕಿದ್ದ, ಇನಾಮು ಕೊಡುವ ಸ್ಥಿತಿಯಲ್ಲಿದ್ದ. ರಾಯಣ್ಣನಿಗೆ ಕೊಡುವವರು ಯಾರೂ ಇರಲಿಲ್ಲ. ಚೆನ್ನಮ್ಮ 1829ರ ಫೆಬ್ರುವರಿಯಲ್ಲಿ ತೀರಿಕೊಂಡಿದ್ದಳು. ಅವನ ದೊಡ್ಡ ದಾಳಿಗಳೆಲ್ಲ ಅದರ ನಂತರದವು. ಗಾದಿಗೆ ಕೂರಿಸಬೇಕೆಂದಿದ್ದ ಶಿವಲಿಂಗಪ್ಪ ಯಾರಿಗೂ ಏನನ್ನೂ ಕೊಡಲಾರದ ಹುಡುಗ. ಕುವರ ಲಕ್ಷ್ಮನ ಹಾಗೆ ಒಡೆಯನ ಜೊತೆಗೇ ಸಾಯುವುದು ಒಂದು ದಾರಿ, ಗೌಡನ ಹಾಗೆ ಹೊಸ ಒಡೆಯನನ್ನು ಹುಡುಕಿಕೊಳ್ಳುವುದು ಇನ್ನೊಂದು. ರಾಯಣ್ಣ ಎರಡನ್ನೂ ಬಿಟ್ಟ. ಪಡೆಯುವವರಿಲ್ಲದ ಋಣವನ್ನು ತೀರಿಸುತ್ತ ಹೋದ. ಹಾಗೆ ತೀರಿಸುವಾಗ ಆ ಋಣದ ಗುಣವೇ ಬದಲಾಗಿರಬೇಕು. ದೇಸಾಯಿಯ ಮನೆಗೆ ಸಲ್ಲಬೇಕಾದದ್ದು ಎಲ್ಲಿಗೆ ಹೋಯಿತು? ಅವನ ಹಿಂದೆ ಬಂದವರನ್ನು ನೋಡಿದರೆ ಸುಳಿವು ಸಿಗುತ್ತದೆ. ಸನದಿ ಹೊಲ ಹೋದವರು, ಕಂದಾಯ ಕಟ್ಟಲಾಗದವರು, ಹೆಸರಿಗೆ ಮನೆತನದ ಅಡ್ಡಹೆಸರೂ ಇಲ್ಲದವರು. ಅವರಿಗೆ ಕಿತ್ತೂರಿನ ಗಾದಿಯ ಮೇಲೆ ಯಾರು ಕೂರುತ್ತಾರೆ ಎಂಬುದಕ್ಕಿಂತ ಬೀಡಿಯಲ್ಲಿ ಸುಟ್ಟ ಕಾಗದ ಹತ್ತಿರದ್ದು.

ಇಂಥ ಜಗಳದಲ್ಲಿ ನಿಂತವನಿಗೆ ಗೀತೆ ಏನು ಹೇಳುತ್ತದೆ ಎಂದು ಕೇಳುವುದು ವಾಡಿಕೆ. ಅರ್ಜುನ ಬಿಲ್ಲು ಕೆಳಗಿಟ್ಟದ್ದು ಎದುರಿಗೆ ನಿಂತವರು ಸ್ವಜನ ಎಂಬುದಕ್ಕೆ. ಅಜ್ಜ, ಗುರು, ಮಾವ, ಭಾವ, ಎಲ್ಲರನ್ನೂ ಒಂದೇ ನೋಟಕ್ಕೆ ಕಂಡ. ಅವನಿಗೆ ಸಿಕ್ಕ ಅನುಕೂಲ ಅದು: ಯಾರು ಯಾವ ಪಕ್ಕ ಎಂಬುದು ಬಯಲಲ್ಲಿ ಹಗಲು ಬೆಳಕಿನಲ್ಲಿ ಕಾಣುತ್ತಿತ್ತು, ಎರಡು ಸೇನೆಗಳ ನಡುವೆ ರಥ ನಿಲ್ಲಿಸಲು ಜಾಗವಿತ್ತು, ವಿವರಿಸಿ ಹೇಳಲು ಸಾರಥಿಯಿದ್ದ. ಖಾನಾಪುರದ ಕಾಡಿನಲ್ಲಿ ರಥ ನಿಲ್ಲಿಸುವ ಜಾಗ ಎಲ್ಲಿದೆ? ಕಂಪನಿಯ ಕಡೆಯಿಂದ ಬಂದವರಲ್ಲಿ ಅಮಲ್ದಾರ, ಕಾರಕೂನ, ಗೌಡ, ಕುಲಕರ್ಣಿ, ತನ್ನಂಥದೇ ಸನದಿ ಜನ. ಮಾತು ಅದೇ, ಮುಂಡಾಸು ಅದೇ. ಅರ್ಜುನನ ಸಂಕಟ ಸ್ವಜನರನ್ನು ಗುರುತಿಸಿದ್ದರಿಂದ ಹುಟ್ಟಿತು. ರಾಯಣ್ಣನ ಸಾವು ಗುರುತಿಸದೆ ಹೋದದ್ದರಿಂದ ಬಂತು. ಅಂತರ್ಯುದ್ಧವೆಂದರೆ ಇದೇ ಎನ್ನಬೇಕು. ಕಿತ್ತೂರಿನ ಬಂಡಾಯವನ್ನು ಹಾಗೆ ಕರೆಯಲು ನಮಗೆ ಬಾಯಿ ಬರುವುದಿಲ್ಲ, ಏಕೆಂದರೆ ಕರೆದರೆ ಕಂಪನಿಯ ಪಾಪ ಕಡಿಮೆಯಾದೀತು ಎಂಬ ಭಯ. ಕಡಿಮೆಯೇನೂ ಆಗುವುದಿಲ್ಲ. ಒಂದು ಮನೆಯನ್ನು ಎರಡು ಮಾಡಿ ಒಂದು ಪಾಲಿನ ಕೈಯಿಂದ ಇನ್ನೊಂದನ್ನು ಹಿಡಿಸುವುದು ಅದರ ಆಡಳಿತದ ಕಲೆಯೇ ಆಗಿತ್ತು.

ಇದು ಕಿತ್ತೂರು ಸೀಮೆಯ ಶಾಪವಷ್ಟೇ ಅಲ್ಲ. ಇಂಗ್ಲೆಂಡಿನ ಚರಿತ್ರಕಾರ ಎರಿಕ್ ಹಾಬ್ಸ್‌ಬಾಮ್ 1969ರಲ್ಲಿ ದರೋಡೆಗಾರರ ಮೇಲೆ ಬರೆದ ಪುಸ್ತಕದಲ್ಲಿ ಸಿಸಿಲಿ, ಬ್ರೆಜಿಲ್, ಬಾಲ್ಕನ್ ನಾಡುಗಳ ಕತೆಗಳನ್ನು ಕೂಡಿಹಾಕಿ ನೋಡಿದ. ಬಡವರ ಪಾಲಿನ ಬಂಡುಕೋರ ಎಲ್ಲ ಕಡೆಯೂ ಒಂದೇ ರೀತಿ ಸಾಯುತ್ತಾನೆ: ನಂಬಿದವರ ಮೋಸದಿಂದ. ಜನ ಅವನನ್ನು ಸೋಲಿಲ್ಲದವನೆಂದು ನಂಬಿರುತ್ತಾರೆ. ಹಾಗಿದ್ದ ಮೇಲೆ ಅವನು ಸಾಯುವುದಕ್ಕೆ ದ್ರೋಹವೊಂದೇ ದಾರಿ. ಕತ್ತಿ ಕೈಯಲ್ಲಿದ್ದರೆ ರಾಯಣ್ಣ ಸಿಗುತ್ತಿರಲಿಲ್ಲ ಎಂಬ ನಂಬಿಕೆಯೇ ಹಳ್ಳದ ದಡದ ಆ ಮಾವನನ್ನು ಹಾಡಿಗೆ ತಂದಿರಲೂಬಹುದು. ಸಂಚು ನಡೆದದ್ದು ನಿಜ. ಮಾವ ಎಷ್ಟು ನಿಜ ಎಂಬುದು ಬೇರೆ ವಿಷಯ.

ಗಡಿಯಾಚೆ ನೋಡಿದರೆ ಹೋಲಿಕೆ ಇನ್ನೂ ಹತ್ತಿರದ್ದು. ಪುಣೆಯ ಪುರಂದರ ಸೀಮೆಯ ಉಮಾಜಿ ನಾಯಿಕ ರಾಮೋಶಿ ಸಮುದಾಯದವನು. ಕೋಟೆ ಕಾಯುವುದು, ಊರು ಕಾಯುವುದು ಆ ಜನರ ವೃತ್ತಿ. ಪೇಶ್ವಾಯಿ ಬಿದ್ದ ಮೇಲೆ ಅವರ ಹಕ್ಕು, ಇನಾಮು ಹೋದವು. ಉಮಾಜಿ ಬಂಡೆದ್ದು, ಗುಡ್ಡಗಾಡಿನಲ್ಲಿ ಕಂಪನಿಯನ್ನು ಕಾಡಿಸಿ, 1831ರ ಕೊನೆಗೆ ಸಿಕ್ಕಿಬಿದ್ದು ಪುಣೆಯಲ್ಲಿ ಗಲ್ಲಿಗೇರಿದ. ಒಬ್ಬ ಕನ್ನಡದ ಕಾವಲುಗಾರ, ಒಬ್ಬ ಮರಾಠಿ ಕಾವಲುಗಾರ. ಇಬ್ಬರದೂ ಒಂದೇ ಕಾಲ, ಒಂದೇ ಕಾರಣ, ಒಂದೇ ಹಗ್ಗ. ಬೆಳಗಾವಿಯಲ್ಲಿ ರಾಯಣ್ಣನ ಹೆಸರಿನಲ್ಲಿ ಕೂಗುವವರಿಗೆ ಉಮಾಜಿ ಗೊತ್ತಿಲ್ಲ, ಶಿವಾಜಿಯ ಹೆಸರಿನಲ್ಲಿ ಕೂಗುವವರಿಗೂ ಅವನ ನೆನಪು ಅಷ್ಟಕ್ಕಷ್ಟೇ.

1831ರ ಜನವರಿ 26ರಂದು ನಂದಗಡದಲ್ಲಿ ರಾಯಣ್ಣನನ್ನು ನೇಣಿಗೆ ಹಾಕಿದರು. ಜಾಗದ ಆಯ್ಕೆ ಬೇಕೆಂದೇ ಮಾಡಿದಂತಿದೆ. ನಂದಗಡ ಆಗ ವ್ಯಾಪಾರದ ಊರು, ಅವನ ದಂಡು ದಾಳಿ ಮಾಡಿದ ಊರು; ಸಂತೆಗೆ ಬಂದವರೆಲ್ಲ ನೋಡಲಿ ಎಂಬ ಲೆಕ್ಕಾಚಾರ. ಅವನ ಗೋರಿಯ ಮೇಲೆ ಬಿಚ್ಚುಗತ್ತಿ ಚನ್ನಬಸಪ್ಪ ಮಾರುವೇಷದಲ್ಲಿ ಬಂದು ಆಲದ ಸಸಿ ನೆಟ್ಟ ಎಂದು ಜನ ಹೇಳುತ್ತಾರೆ. ಹೆದರಿಸಲು ಆರಿಸಿದ ಜಾಗ ಹರಕೆಯ ಜಾಗವಾಯಿತು.

ಕೊನೆಯ ಆಸೆ ಏನೆಂದು ಕೇಳಿದಾಗ ರಾಯಣ್ಣ ಈ ನೆಲದಲ್ಲೇ ಮತ್ತೆ ಹುಟ್ಟಿಬಂದು ಕಾದಬೇಕೆಂದನಂತೆ. ಇದು ಬಾಯಿಂದ ಬಾಯಿಗೆ ಬಂದ ಮಾತು. ಯಾರು ಕೇಳಿಸಿಕೊಂಡರು, ಯಾರು ಬರೆದಿಟ್ಟರು ಎಂದು ತಡಕುವುದರಲ್ಲಿ ಹುರುಳಿಲ್ಲ. ಮಾತಿನ ಒಳಗಿನ ದಿಟ್ಟತನ ನೋಡಬೇಕು. ಸಾಯುವವನು ಬೇಡುವುದು ಮುಕ್ತಿಯನ್ನು. ವೀರಗಲ್ಲಿನ ವೀರ ಶಿವನ ಎದುರು ಕೂತು ಅಲ್ಲೇ ಉಳಿದುಬಿಡುತ್ತಾನೆ, ಕೆಳಗಿನ ಪಟ್ಟಿಕೆಗೆ ಮರಳುವುದಿಲ್ಲ. ಕಿತ್ತೂರಿನ ಅರಮನೆ ಲಿಂಗಾಯತ ಮನೆತನ. ಶರಣರು ಹೇಳಿದ್ದು ಐಕ್ಯ, ಮರಳಿ ಹುಟ್ಟದಿರುವುದು. ಆ ಮನೆಯ ಆಳು ಇವೆರಡನ್ನೂ ಬೇಡವೆಂದ, ಅಥವಾ ಅವನ ಪರವಾಗಿ ಜನ ಬೇಡವೆಂದರು. ಹುಟ್ಟು ಸಾವುಗಳ ಸುತ್ತಾಟ ಬಂಧನ ಎಂದು ಎಲ್ಲ ಪಂಥಗಳೂ ಹೇಳಿಕೊಟ್ಟ ನಾಡಿನಲ್ಲಿ, ಕೆಲಸ ಬಾಕಿ ಇದೆ, ಹುಟ್ಟಿ ಬರುತ್ತೇನೆ ಎನ್ನುವುದು ಧಾರ್ಮಿಕ ಬಂಡಾಯವೂ ಹೌದು. ಬೋಧಿಸತ್ವರು ಮಾಡಿದ ಸಂಕಲ್ಪಕ್ಕೂ ಇದಕ್ಕೂ ದೂರದ ನಂಟು ಹುಡುಕಬಹುದು. ಆದರೆ ಬೋಧಿಸತ್ವನ ಕೈಯಲ್ಲಿ ಕರುಣೆ, ಇವನ ಕೈಯಲ್ಲಿ ಕತ್ತಿ.

ಮರಕ್ಕೆ ಕಟ್ಟಿದ ತೊಟ್ಟಿಲಿಗೆ ಅರ್ಥ ಬರುವುದು ಇಲ್ಲಿಂದ. ಹುಟ್ಟಿ ಬರುತ್ತೇನೆ ಎಂದವನಿಗೆ ಹೊಟ್ಟೆಯೊಂದು ಬೇಕಲ್ಲ! ತೊಟ್ಟಿಲು ಕಟ್ಟುವವಳು ಬರೀ ಬೇಡುತ್ತಿಲ್ಲ, ಕರೆಯುತ್ತಿದ್ದಾಳೆ. ಅವನಂಥ ಮಗ ಬೇಕು ಎಂದು ಹೇಳಿಕೊಳ್ಳುತ್ತಾಳೆ. ಅವನಿಗೆ ಬಂದಂಥ ಸಾವು ತನ್ನ ಮಗನಿಗೆ ಬೇಕೆಂದು ಯಾವ ತಾಯಿಯೂ ಹೇಳಿಕೊಳ್ಳುವುದಿಲ್ಲ. ಈ ವಿರೋಧ ಅವಳಿಗೆ ಗೊತ್ತಿಲ್ಲವೆಂದು ತಿಳಿಯುವುದು ಪಂಡಿತರ ಹೆಡ್ಡತನ. ಕಾಯುವ ಶಕ್ತಿ ಮಾತ್ರ ಬರಲಿ, ಕಾಯಬೇಕಾದ ಕಾಲ ಬಾರದಿರಲಿ ಎಂಬುದು ಅವಳ ಹರಕೆ.

ನಗರದ ರಾಯಣ್ಣ ಬೇರೆ. ಅವನು ಕಂಚಿನವನು, ಕುದುರೆ ಏರಿದವನು. ಅವನ ಹೆಸರು ಬೆಂಗಳೂರಿನ ರೈಲು ನಿಲ್ದಾಣಕ್ಕಿದೆ. ಅವನ ಕತೆಯ ಸಿನಿಮಾ 2012ರಲ್ಲಿ ಬಂದು ಭರ್ಜರಿಯಾಗಿ ಓಡಿತು. ಬೆಳಗಾವಿಯಲ್ಲಿ ಅವನು ಭಾಷೆಯ ಕಾವಲಿಗೂ ನಿಂತಿದ್ದಾನೆ. 2020ರ ಆಗಸ್ಟ್‌ನಲ್ಲಿ ಪೀರನವಾಡಿಯಲ್ಲಿ, ಶಿವಾಜಿ ಪ್ರತಿಮೆ ಇದ್ದ ವೃತ್ತದ ಬಳಿ ರಾಯಣ್ಣನ ಪ್ರತಿಮೆ ನಿಲ್ಲಿಸುವ ವಿಚಾರಕ್ಕೆ ಎರಡು ಗುಂಪು ಎದುರುಬದುರಾದವು, ಪೊಲೀಸರು ಲಾಠಿ ಬೀಸಿದರು. ಕೊನೆಗೆ ವೃತ್ತಕ್ಕೆ ಶಿವಾಜಿಯ ಹೆಸರು, ಪ್ರತಿಮೆ ರಾಯಣ್ಣನದು ಇರಲಿ ಎಂದು ರಾಜಿಯಾಯಿತು. 2021ರ ಡಿಸೆಂಬರಿನಲ್ಲಿ ವಡಗಾವಿಗೆ ಅಂಟಿಕೊಂಡ ಅನಗೋಳದಲ್ಲಿ ರಾತ್ರೋರಾತ್ರಿ ರಾಯಣ್ಣನ ಮೂರ್ತಿಗೆ ಹಾನಿ ಮಾಡಿದರು. ಊರಲ್ಲಿ ವಾರಗಟ್ಟಲೆ ಬಿಗುವು. ಜಗಳವಾಡಿದವರಲ್ಲಿ ಎಷ್ಟೋ ಮಂದಿ ಆಷಾಢದಲ್ಲಿ ಒಂದೇ ಮಂಗಾಯಿಯ ಗುಡಿ ಮುಂದೆ ಸಾಲು ನಿಲ್ಲುವವರು. ಪೇಶ್ವೆಯ ಕಾಟಕ್ಕೆ ಬೇಸತ್ತು ಕಿತ್ತೂರು ಕಂಪನಿಯ ಕಡೆ ವಾಲಿದ್ದು, ಆ ಕಂಪನಿಯೇ ಕಿತ್ತೂರನ್ನೂ ರಾಮೋಶಿಗಳನ್ನೂ ಒಟ್ಟಿಗೆ ಬೀದಿಗೆ ತಂದದ್ದು, ಈ ಗೋಜಲನ್ನು ಪ್ರತಿಮೆಯ ಪೀಠದ ಮೇಲೆ ಕೆತ್ತುವುದು ಕಷ್ಟ. ಪ್ರತಿಮೆಗೆ ನಮ್ಮವನು, ಅವರವನು ಎಂಬ ಎರಡೇ ಭಾಷೆ ಬರುತ್ತದೆ. ಧಣಿಯೇ ಇಲ್ಲದೆ ಕಾದಿದವನಿಗೆ ಇಂದು ಎಷ್ಟೊಂದು ಧಣಿಗಳು!

ಕಿತ್ತೂರ ನಾಡಿನ ಬಂಡಾಯ ರಾಯಣ್ಣನ ಜೊತೆ ಮುಗಿಯಲಿಲ್ಲ. 1830ರ ದಶಕದಲ್ಲೇ ಶಿವಲಿಂಗಪ್ಪನ ಗಾದಿಯ ಹೆಸರಿನಲ್ಲಿ ಮತ್ತೆ ಮತ್ತೆ ದಂಗೆಗಳೆದ್ದವು, ಮತ್ತೆ ಮತ್ತೆ ತಣ್ಣಗಾದವು. ಕಂಪನಿ ಹೋಯಿತು, ರಾಣಿಯ ಸರಕಾರ ಬಂತು, ಅದೂ ಹೋಯಿತು. ವಾಲಿಕಾರಿಕೆ ಹೋಗಲಿಲ್ಲ. ಊರೂರಲ್ಲಿ ಗೌಡಿಕೆಯೂ ವಾಲಿಕಾರಿಕೆಯೂ ವಂಶದ ಸೊತ್ತಾಗಿ, ಪ್ರತಿಯೊಂದಕ್ಕೂ ಅಂಟಿಕೊಂಡ ಹೊಲದ ಸಮೇತ ನಡೆದುಬಂದವು. ಸ್ವತಂತ್ರ ಭಾರತದಲ್ಲಿ ಮೈಸೂರು ರಾಜ್ಯದ ಶಾಸನಸಭೆ 1961ರಲ್ಲಿ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ ಮಾಡಿತು. 1963ರ ಫೆಬ್ರುವರಿಯಿಂದ ಅದು ಜಾರಿಗೆ ಬಂತು. ವಂಶಪಾರಂಪರ್ಯದ ಹುದ್ದೆಗಳು ಹೋದವು, ಹುದ್ದೆಗೆ ಕೊಟ್ಟ ಜಮೀನನ್ನು ಸರಕಾರ ಒಮ್ಮೆ ವಾಪಸು ತೆಗೆದುಕೊಂಡು, ಹಣ ಕಟ್ಟಿಸಿಕೊಂಡು ಅದೇ ಹಿಡುವಳಿದಾರರಿಗೆ ಮರುಮಂಜೂರು ಮಾಡಿತು. ಹೊಲ ಇನ್ನು ಸ್ವಂತದ್ದು, ಅದರ ಮೇಲೆ ಯಾರ ಚಾಕರಿಯೂ ಇಲ್ಲ. ರಾಯಣ್ಣನನ್ನು ಹಿಡಿದುಕೊಟ್ಟ ಗೌಡಿಕೆಯೂ ರಾಯಣ್ಣನ ವಾಲಿಕಾರಿಕೆಯೂ ಒಂದೇ ಕಾಯ್ದೆಯಿಂದ, ಒಂದೇ ದಿನ ರದ್ದಾದವು.